ಚಾವಣಿಗೇರಿದ ನೀಲಿ ದೇಶ

ಗೆರೆಯಪ್ಪನಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ, ಗೋಡೆಗಳು ಕೊಟ್ಟದ್ದು. ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಆಸ್ಪತ್ರೆಯ ಬಾಗಿಲ ಮೇಲಿನ ‘ಸದ್ದು ಮಾಡಬೇಡಿ’, ಬಸ್ಸಿನ ಬೆನ್ನ ಮೇಲಿನ ‘ಅಂತರ ಕಾಪಾಡಿ’, ಹೀಗೆ ಊರಲ್ಲಿ ನೆಟ್ಟಗಿರುವುದೆಲ್ಲ ತನ್ನದು, ಸೊಟ್ಟಗಿರುವುದೆಲ್ಲ ಬೇರೆಯವರದು ಎಂಬುದು ಅವನ ವಾದ. ರಾಜರು ಕತ್ತಿ ಹಿಡಿದು ಗಡಿ ಎಳೆದರು, ಇವನು ಕುಂಚ ಹಿಡಿದು ಎಳೆದ. ವ್ಯತ್ಯಾಸವಿಷ್ಟೇ, ಇವನ ಗಡಿಗಳಿಗಾಗಿ ಈವರೆಗೆ ಯಾರೂ ಹೊಡೆದಾಡಿರಲಿಲ್ಲ.

ಆದರೆ ಆ ನೆಟ್ಟಗಿನ ಗೆರೆಯಲ್ಲಿ ಅರ್ಧ ಪಾಲು ಇನ್ನೊಬ್ಬರದು. ದೊಡ್ಡ ಗೋಡೆಯ ಮೇಲೆ ಬರೆಯಬೇಕಾದರೆ ಮೊದಲು ಪುಡಿ ಮೆತ್ತಿದ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ಹಿಡಿಯಬೇಕು. ದಾರವನ್ನು ಎರಡು ಬೆರಳಲ್ಲಿ ಎತ್ತಿ ಟಪ್ಪನೆ ಬಿಟ್ಟರೆ ಗೋಡೆಗೆ ಗೆರೆ ಬೀಳುತ್ತದೆ. ಒಂದು ತುದಿ ಗೆರೆಯಪ್ಪನ ಹೆಬ್ಬೆರಳಿನ ಕೆಳಗೆ. ಇನ್ನೊಂದು ತುದಿ, ಮದುವೆಯಾದ ಹೊಸದರಿಂದ ಇಲ್ಲಿಯವರೆಗೆ, ಅವನ ಹೆಂಡತಿಯ ಹೆಬ್ಬೆರಳಿನ ಕೆಳಗೆ. ಊರವರು ಅವಳನ್ನು ದಾರದಕ್ಕ ಎನ್ನುತ್ತಿದ್ದರು. “ಇನ್ನೊಂಚೂರು ಮೇಲೆ ರೀ” ಎಂದು ಅವಳು ಹೇಳಿದರೆ ಗೆರೆಯಪ್ಪ ಮೊದಲು ‘ಇಲ್ಲ’ ಎನ್ನುತ್ತಿದ್ದ, ಆಮೇಲೆ ಏರಿಸುತ್ತಿದ್ದ. ಅವರ ಸಂಸಾರದ ಸಂವಿಧಾನವೂ ಅದೇ.

ಅವನಿಗೊಂದು ಗೀಳಿತ್ತು. ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆದು ಬಂದರೆ ಕೈ ನವೆಯಾಗುತ್ತಿತ್ತು. ಕ್ಷೌರಿಕನ ಬೋರ್ಡಿನಲ್ಲಿ ಮಾಲೀಕನ ಮುಖ ಬರೆಯುವಾಗ, ಪಾಪ, ಕೂದಲಿನ ಅಂಗಡಿಯವನಿಗೇ ಕೂದಲಿಲ್ಲದಿದ್ದರೆ ಹೇಗೆ ಎಂದು ತಲೆ ತುಂಬ ಬೆಳೆಸಿಕೊಟ್ಟ. ಗಿರಾಕಿಗಳು ಒಳಗೆ ಬಂದು “ಮಾಲೀಕರು ಇಲ್ವಾ?” ಎಂದು ಮಾಲೀಕನನ್ನೇ ಕೇಳತೊಡಗಿದರು. ಹಲ್ಲಿನ ಡಾಕ್ಟರ ಬೋರ್ಡಿನ ನಗುವಿನಲ್ಲಿ ಮೂವತ್ತೆರಡು ಹಲ್ಲನ್ನೂ ಮೇಲಿನ ಸಾಲಿಗೇ ಕೂರಿಸಿದ. ಡಾಕ್ಟರು ಎಣಿಸಿ ತೋರಿಸಿದಾಗ, “ನೋಡಿ ಸಾರ್, ಒಂದೂ ಬಿಟ್ಟುಹೋಗಿಲ್ಲ ಅಂತ ನೀವೇ ಹೇಳ್ತಿದ್ದೀರಿ” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಲೋಕ ಕಂಡಿದೆ. ಗೆರೆಯಪ್ಪನ ಮೊಲಕ್ಕೆ ಐದು ಕಾಲು. ಕಡಿಮೆ ಮಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಈ ಕಥೆ ನಡೆದ ವಾರ ಮನೆಯಲ್ಲೊಂದು ಮಾತು ಅರ್ಧಕ್ಕೆ ನಿಂತಿತ್ತು. ಊರಿನ ಕಾಲೇಜಿನಲ್ಲಿ ಬೆಳಗಿನ ತರಗತಿ ನಡೆಯುತ್ತಿತ್ತು. ಶಾಲೆ ಮುಗಿಸಿದವರು ಯಾವ ವಯಸ್ಸಿನವರಾದರೂ ಸೇರಬಹುದು, ಏಳಕ್ಕೆ ಹೋಗಿ ಹತ್ತಕ್ಕೆ ಮನೆಗೆ ಬರಬಹುದು. ಸೋಮವಾರದ ತಿಂಡಿಯ ಹೊತ್ತಿಗೆ ದಾರದಕ್ಕ, “ನಾನು ಸೇರ್ಕೋಬೇಕು ಅಂತಿದ್ದೀನಿ” ಎಂದಿದ್ದಳು.

“ಯಾವುದಕ್ಕೆ?”

“ಕಾಲೇಜಿಗೆ.”

ಗೆರೆಯಪ್ಪ ಕುಡಿಯುತ್ತಿದ್ದ ಚಹಾ ದಾರಿ ತಪ್ಪಿ ಮೂಗಿಗೆ ಹೋಯಿತು. “ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಈಗ ಅಮ್ಮ ಹೊರಟಳಾ? ನಿನ್ನ ನೋಡಿ ಆ ಹುಡುಗ್ರು ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳ್ತಾರೆ, ಪಾಠ ಮಾಡೋಕೆ ಬಂದೋಳು ಅಂದ್ಕೊಂಡು.”

“ಹೇಳ್ಲಿ ಬಿಡಿ. ಮನೇಲಂತೂ ಯಾರೂ ಹೇಳಲ್ಲ.”

“ಅದೆಲ್ಲ ಇರಲಿ ಕಣೇ. ಬಿಸಿಲೇರೋ ಮುಂಚೆ ತಾನೆ ನಮ್ಮ ಕೆಲಸ? ದಾರ ಯಾರು ಹಿಡೀತಾರೆ?”

“ಶನಿವಾರ ಕಡೇ ದಿನವಂತೆ” ಎಂದಷ್ಟೇ ಹೇಳಿ ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಉಳಿದ ಮಾತನ್ನು ಪಾತ್ರೆಗಳು ಆಡಿದವು.

ಗುರುವಾರ ಆ ಕಾಲೇಜಿನಿಂದಲೇ ಗೆರೆಯಪ್ಪನಿಗೆ ಕರೆ ಬಂತು. ಗ್ರಂಥಾಲಯದ ಹೊಸ ಪಡಸಾಲೆಯನ್ನು ಶನಿವಾರ ತೆರೆಯುವವರಿದ್ದರು, ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಅಲ್ಲಿನ ಉದ್ದನೆಯ ಬಿಳಿ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಬೇಕಿತ್ತು. ಯಾವ ದೇಶದಲ್ಲಿ ನೂರಕ್ಕೆ ಎಷ್ಟು ಜನ ಕಾಲೇಜು ಓದುತ್ತಾರೆ ಎಂಬುದನ್ನು ಬಣ್ಣದ ಪಟ್ಟಿಗಳ ಎತ್ತರದಲ್ಲಿ ತೋರಿಸಬೇಕು. ಹಾಳೆ ಕೊಟ್ಟವರು ಅಂಕಿಅಂಶದ ಪಾಠ ಮಾಡುವ ಮೇಡಂ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ.

“ದೇಶಗಳ ಹೆಸರಿನ ಹಾಳೆ ನಾಳೆ ಕೊಡ್ತೀನಿ. ಇವತ್ತು ಪಟ್ಟಿಗಳು ಬರಲಿ. ಮೇಲೆ ಮಾತ್ರ ಒಂದಷ್ಟು ಜಾಗ ಬಿಡಿ” ಎಂದರು.

“ನೂರರ ಮೇಲೆ ಇನ್ನೇನಿರುತ್ತೆ ಮೇಡಂ, ಗಾಳಿ” ಎಂದ ಗೆರೆಯಪ್ಪ. ಮೇಡಂ ಆಗಲೇ ಅರ್ಧ ಪಡಸಾಲೆ ದಾಟಿದ್ದರು. ಗೋಡೆ ಸಿಕ್ಕಿದಷ್ಟೂ ತುಂಬಿಸುವ ಉದಾರಿಯಾದ ಗೆರೆಯಪ್ಪ ನೂರರ ಗೆರೆಯನ್ನು ಚಾವಣಿಗೆ ಒಂದು ಗೇಣು ಕೆಳಗೆ ಹೊಡೆದ. ದಾರದಕ್ಕ ಆ ತುದಿಯಿಂದ, “ಅವರು ಜಾಗ ಬಿಡಿ ಅಂದ್ರು” ಎಂದಳು. “ಬಿಟ್ಟಿದ್ದೀನಲ್ಲ, ಒಂದು ಗೇಣು” ಎಂದ.

ಹೆಸರಿಲ್ಲದ ದೇಶಗಳಿಗೆ ಬಣ್ಣ ಬಳಿಯುವುದು ಒಂದು ವಿಚಿತ್ರ ಸುಖ. ಹಳದಿ ದೇಶ ಗೆರೆಯಪ್ಪನ ಹಣೆಯ ಎತ್ತರಕ್ಕೆ ನಿಂತಿತು. ಹಸಿರು ದೇಶ ಎದೆಗೆ ಬಂತು. ಕಂದು ದೇಶವನ್ನು ಬರೆಯಲು ಕುಕ್ಕರುಗಾಲಲ್ಲಿ ಕೂರಬೇಕಾಯಿತು, ಅದು ಹೆಚ್ಚೆಂದರೆ ನಾಲ್ಕು ಬೆರಳು. ಒಂದರ ಪಕ್ಕ ಮಾತ್ರ ಮೇಡಂ ‘ನಮ್ಮದು’ ಎಂದು ಗೀಚಿದ್ದರು. ಅದು ಕೆಂಪು. ಮೊಣಕಾಲು ದಾಟಿತ್ತು, ಸೊಂಟ ಮುಟ್ಟಿರಲಿಲ್ಲ.

“ಹಳದಿ ದೇಶದಲ್ಲಿ ಇಷ್ಟೊಂದು ಜನ ಓದೋಕೆ ಹೋದ್ರೆ ಅಂಗಡಿ ಬೋರ್ಡು ಯಾರು ಬರೀತಾರೆ?” ಎಂದು ಗೆರೆಯಪ್ಪ ಕೇಳಿದ.

“ಓದ್ಕೊಂಡೋರೇ ಬರೀತಾರೆ. ಹಲ್ಲು ಎಣಿಸಿ ಬರೀತಾರೆ.”

“ಈ ಕಂದು ದೇಶ ಯಾಕೆ ನೆಲ ಬಿಟ್ಟು ಏಳ್ಲಿಲ್ಲ ಅಂತೀನಿ?”

“ಅಲ್ಲಿ ದಾರ ಹಿಡಿಯೋರು ಜಾಸ್ತಿ ಇರಬೇಕು” ಎಂದಳು ದಾರದಕ್ಕ, ಬಕೆಟ್ಟಿನಲ್ಲಿ ಕುಂಚ ತೊಳೆಯುತ್ತ.

ಗೆರೆಯಪ್ಪ ಕೇಳಿಸದವನಂತೆ ಹಳದಿಗೆ ಎರಡನೇ ಕೋಟು ಕೊಟ್ಟ.

ಕಡೆಯದಾಗಿ ನೀಲಿ ದೇಶ. ಹಾಳೆಯಲ್ಲಿ ಅದರ ತಲೆಯ ಮೇಲೆ ನೂರ ಹದಿನೆಂಟು ಎಂದಿತ್ತು. ಗೆರೆಯಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಹಾಳೆಯನ್ನು ಬೆಳಕಿಗೆ ಹಿಡಿದ. ತಿರುಗಿಸಿಯೂ ನೋಡಿದ. ನೂರ ಹದಿನೆಂಟೇ.

“ನೂರು ಜನರಲ್ಲಿ ನೂರ ಹದಿನೆಂಟು ಜನ ಕಾಲೇಜಿಗೆ ಹೋಗ್ತಾರಂತೆ ಕಣೇ.”

“ಕೇಳಿ ಬನ್ನಿ ಹೋಗಿ.”

“ಕೇಳೋದೇನು? ಕೊಡ ತುಂಬಿದ ಮೇಲೆ ಸುರಿದರೆ ನೆಲಕ್ಕೆ ಹೋಗುತ್ತೆ, ಕೊಡಕ್ಕೆ ಹೋಗಲ್ಲ. ತೊಟ್ಟಿಲ ಮಗುವನ್ನೂ ಹಾಸಿಗೆ ಹಿಡಿದ ಮುತ್ತಾತನನ್ನೂ ಹೊತ್ಕೊಂಡು ಹೋದರೂ ನೂರು. ಇನ್ನು ಹದಿನೆಂಟು ಯಾರು, ಅವರ ದನ ಕರುಗಳಾ? ಟೈಪ್ ಮಾಡಿದೋರ ಬೆರಳು ಜಾರಿದೆ.”

“ರೀ, ಕೇಳಿ ಮಾಡಿ.”

ಕೇಳಿ ಮಾಡಿದ್ದರೆ ಅವನು ಗೆರೆಯಪ್ಪನೇ ಅಲ್ಲ. ನೀಲಿಯನ್ನು ನೂರಕ್ಕೆ ನಿಲ್ಲಿಸಿದ. ಜೀವನದಲ್ಲಿ ಮೊದಲ ಸಲ ಒಂದನ್ನು ಕಡಿಮೆ ಮಾಡಿದ್ದ. ಕತ್ತರಿಸಿ ಉಳಿದ ಆ ಹದಿನೆಂಟು ಅಂಶ ಕಣ್ಣ ಮುಂದೆ ಅನಾಥ ಮಗುವಿನ ಹಾಗೆ ನಿಂತಿತು. ಬಟ್ಟೆ ಹೊಲಿಯುವವರು ಮಿಕ್ಕಿದ ತುಂಡನ್ನು ಎಸೆಯುತ್ತಾರಾ? ಚೀಲಕ್ಕೋ ಜೇಬಿಗೋ ಹಾಕುತ್ತಾರೆ. ದಾರದಕ್ಕ ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಹೋದಾಗ ಗೆರೆಯಪ್ಪ ಕೆಂಪು ಡಬ್ಬಿಯ ಮುಚ್ಚಳ ತೆಗೆದ. ಅವಳು ತಿರುಗಿ ಬರುವಷ್ಟರಲ್ಲಿ ನಮ್ಮ ದೇಶ ಸೊಂಟ ದಾಟಿ ಹೊಕ್ಕುಳ ಮುಟ್ಟಿತ್ತು. ಯಾವ ಸರ್ಕಾರಕ್ಕೂ ಆಗದ ಪ್ರಗತಿಯನ್ನು ಒಬ್ಬ ಮನುಷ್ಯ ಒಂದು ಕುಂಚದಿಂದ ಸಾಧಿಸಿದ್ದ.

ಶುಕ್ರವಾರ ಬೆಳಿಗ್ಗೆ ಮೇಡಂ ಹೆಸರುಗಳ ಹಾಳೆ ಹಿಡಿದು ಬಂದವರು ಗೋಡೆಯ ಮುಂದೆ ನಿಂತೇಬಿಟ್ಟರು.

“ಗೆರೆಯಪ್ಪನವರೇ, ನಮ್ಮ ದೇಶ ನಿನ್ನೆಯಿಂದ ಇವತ್ತಿಗೆ ಭಾರಿ ಬೆಳೆದುಬಿಟ್ಟಿದೆಯಲ್ಲ.”

“ಒಳ್ಳೇದೇ ಅಲ್ವಾ ಮೇಡಂ?”

“ಒಳ್ಳೇದೇ, ನಿಜ ಆಗಿದ್ದರೆ. ನೀಲಿ ಯಾಕೆ ಕುಳ್ಳಾಯ್ತು?”

“ಅಲ್ಲಿ ಟೈಪ್ ತಪ್ಪಾಗಿತ್ತು. ನೂರರ ಮೇಲೆ ಹದಿನೆಂಟು ಮಿಕ್ಕಿತ್ತು. ಬಿಸಾಕೋದು ಯಾಕೆ ಅಂತ...”

“ನಮ್ಮದಕ್ಕೆ ಸೇರಿಸಿದ್ರಿ.”

“ಮನೆಯವರಿಗೆ ತಾನೆ ಮೊದಲು.”

ಮೇಡಂ ಕನ್ನಡಕದ ಹಿಂದೆ ನಕ್ಕರೋ ಅತ್ತರೋ ತಿಳಿಯಲಿಲ್ಲ. “ನಾಳೆ ಬರೋ ಅತಿಥಿಗಳಲ್ಲಿ ಈ ಲೆಕ್ಕ ಹಾಕಿದವರೇ ಇದ್ದಾರೆ. ನೂರ ಹದಿನೆಂಟು ತಪ್ಪಲ್ಲ, ಸರಿಯಾಗೇ ಇದೆ” ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಹೇಗೆ ಅಂತ ಕ್ಲಾಸ್ ಮುಗಿಸಿ ಬಂದು ಹೇಳ್ತೀನಿ. ಅಲ್ಲೀವರೆಗೆ ನೀವೇ ಯೋಚನೆ ಮಾಡಿ ನೋಡಿ.”

ದಾರದಕ್ಕ ಚೀಲದಿಂದ ಉಪ್ಪುಕಾಗದ ತೆಗೆದು ಗಂಡನ ಎದುರಿಗಿಟ್ಟಳು.

ಗೆರೆಯಪ್ಪನಿಗೆ ಈಗ ಕುತೂಹಲ ಹುಟ್ಟಿತು, ಕುತೂಹಲ ತುರಿಕೆಯಾಯಿತು. ಸರಿಯಾಗೇ ಇದೆಯಂತೆ. ಹೇಗೆ ಸರಿ? ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಬಸ್ ಕಂಡಕ್ಟರು ಸಿಕ್ಕಿದ. ಬಸ್ಸು ಅಲ್ಲೇ ತಿರುಗುತ್ತಿತ್ತು, ಕಂಡಕ್ಟರು ಅಲ್ಲೇ ಬಿಸ್ಕತ್ತು ಅದ್ದುತ್ತಿದ್ದ.

“ನೂರರಲ್ಲಿ ನೂರ ಹದಿನೆಂಟು ಆಗೋಕೆ ಸಾಧ್ಯವಾ ಮಾರಾಯ?” ಎಂದು ಕೇಳಿದ ಗೆರೆಯಪ್ಪ.

ಕಂಡಕ್ಟರು ನಗಲೂ ಇಲ್ಲ. “ನನ್ನ ಬಸ್ಸಲ್ಲಿ ದಿನಾ ಆಗುತ್ತೆ. ಸೀಟು ಎಷ್ಟು ಅಂತ ಬಾಗಿಲ ಮೇಲೆ ನೀನೇ ಬರೆದಿದ್ದೀಯ. ಜನ ಎಷ್ಟು ಅಂತ ಒಳಗೆ ಬಂದು ನೋಡು. ಸೀಟಿನ ಲೆಕ್ಕ ಬೇರೆ, ಹತ್ತಿದೋರ ಲೆಕ್ಕ ಬೇರೆ.”

“ಮಿಕ್ಕಿದೋರು?”

“ನಿಂತಿರ್ತಾರೆ. ನಿಂತಿದ್ದೋರೂ ಊರು ಸೇರ್ತಾರಪ್ಪ, ಅವರನ್ನೇನು ದಾರೀಲಿ ಇಳಿಸ್ತೀವಾ?”

ಗೆರೆಯಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಹಾಗಾದರೆ ನೀಲಿ ದೇಶದ ಕಾಲೇಜುಗಳಲ್ಲಿ ಸೀಟಿನ ಲೆಕ್ಕಕ್ಕೆ ಸಿಗದೆ ನಿಂತಿರುವವರು ಯಾರು? ಇದೇ ಪ್ರಶ್ನೆಯನ್ನು ಹೊತ್ತು ಪಡಸಾಲೆಗೆ ಬಂದಾಗ ಹತ್ತರ ಗಂಟೆ ಹೊಡೆದು ಬೆಳಗಿನ ತರಗತಿ ಬಿಟ್ಟಿತು. ಬಾಗಿಲಿಂದ ಮೊದಲು ಹೊರಬಂದವಳು ಆಸ್ಪತ್ರೆಯ ನರ್ಸು, ಮೈಮೇಲೆ ಇನ್ನೂ ಕೆಲಸದ ಸಮವಸ್ತ್ರ. ಹಿಂದೆ ಲಾರಿ ಓಡಿಸುವ ಇಬ್ಬರು. ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡ ಒಬ್ಬ ಅಜ್ಜಿ. ಅವರ ಹಿಂದೆ ಪಡಸಾಲೆಯ ಬೆಳಕೆಲ್ಲ ತನ್ನ ನೆತ್ತಿಯ ಮೇಲೆ ಹೊತ್ತು ಬಂದ ಕ್ಷೌರಿಕ.

“ನೀನೂನಾ?” ಎಂದ ಗೆರೆಯಪ್ಪ.

“ಅಂಗಡಿ ತೆಗೆಯೋದು ಹತ್ತೂವರೆಗೆ ತಾನೆ.”

“ಈ ವಯಸ್ಸಲ್ಲಿ ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೋ?”

“ನಿನ್ನ ಬೋರ್ಡು ನೋಡಿದ ಮೇಲೆ ಊರಲ್ಲಿ ನನ್ನ ಗುರುತು ಯಾರಿಗೂ ಸಿಗಲ್ಲ. ಆ ಧೈರ್ಯದ ಮೇಲೇ ಸೇರಿದ್ದು” ಎಂದು ಕ್ಷೌರಿಕ ತಲೆ ಸವರಿಕೊಂಡು ಹೋದ.

ದಾರದಕ್ಕ ಅಷ್ಟೂ ಜನರನ್ನು, ಅಜ್ಜಿಯ ಊರುಗೋಲಿನ ಸದ್ದು ಮೆಟ್ಟಿಲಿಳಿಯುವವರೆಗೂ, ನೋಡುತ್ತಲೇ ನಿಂತಿದ್ದಳು.

ಮೇಡಂ ಕೈಗೆ ಹತ್ತಿದ ಸೀಮೆಸುಣ್ಣ ಕೊಡವುತ್ತ ಬಂದರು. “ನೋಡಿದ್ರಲ್ಲ, ನಿಮ್ಮ ಹದಿನೆಂಟು ಇಂಥವರೇ” ಎಂದರು. “ನೂರು ಅಂತ ಇಟ್ಕೊಳ್ಳೋದು ಒಂದು ದೇಶದಲ್ಲಿ ಈಗ ತಾನೆ ಶಾಲೆ ಮುಗಿಸೋ ವಯಸ್ಸು ದಾಟಿದ ಹುಡುಗ ಹುಡುಗಿಯರನ್ನ. ಮುಂದಿನ ಒಂದೈದು ವರ್ಷದ ವಯಸ್ಸಿನವರು, ಅಷ್ಟೇ. ಅದು ಸೀಟು ಅಂದ್ಕೊಳ್ಳಿ. ಆದರೆ ಕಾಲೇಜಲ್ಲಿ ಇರೋರನ್ನ ಎಣಿಸುವಾಗ ವಯಸ್ಸು ಕೇಳಲ್ಲ. ಹದಿನೆಂಟಾದರೂ ಒಂದೇ, ಎಪ್ಪತ್ತಾದರೂ ಒಂದೇ. ಬೇರೆ ದೇಶದಿಂದ ಬಂದು ಓದೋರೂ ಅಲ್ಲೇ ಲೆಕ್ಕ. ಹಾಗಾಗಿ ದೊಡ್ಡವರು ಹೆಚ್ಚಾಗಿ ಬಂದು ಕೂತರೆ ಪಟ್ಟಿ ನೂರು ದಾಟುತ್ತೆ.”

“ಬಸ್ಸು” ಎಂದ ಗೆರೆಯಪ್ಪ.

“ಹಾಂ?”

“ಏನಿಲ್ಲ, ಹೇಳಿ.”

“ಕಂದು ದೇಶ?” ಎಂದು ದಾರದಕ್ಕ ಕೇಳಿದಳು. “ಅಲ್ಲಿಯವರಿಗೆ ಓದು ಹತ್ತಲ್ವಾ?”

“ಹತ್ತದೆ ಏನು? ಕಾಲೇಜು ದೂರ, ಇರೋದೂ ಕಡಿಮೆ. ಪಟ್ಟಿ ತೋರಿಸೋದು ಯಾರು ಒಳಗೆ ಬಂದರು ಅನ್ನೋದನ್ನ ಮಾತ್ರ. ಯಾರು ಜಾಣರು ಅಂತ ತೋರಿಸಲ್ಲ.”

“ಒಳಗೆ ಬಂದೋರಲ್ಲಿ ಎಷ್ಟು ಜನ ಮುಗಿಸಿದರು ಅಂತ?”

ಮೇಡಂ ಅವಳ ಮುಖ ನೋಡಿದರು. “ಅದಕ್ಕೆ ಇನ್ನೊಂದು ಗೋಡೆ ಬೇಕು. ಒಳ್ಳೇ ಪ್ರಶ್ನೆ ಕೇಳಿದ್ರಿ.”

ದಾರದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ದಾರ ಸುತ್ತುವ ಹಾಗೆ. “ಮೇಡಂ, ಒಂದು ಮಾತಿಗೆ ಹೇಳ್ತೀನಿ. ನಾನು ಬಂದು ಸೇರಿದೆ ಅನ್ನಿ. ನನ್ನನ್ನ ಸೀಟಿನಲ್ಲಿ ಎಣಿಸ್ತಾರಾ, ಬಂದು ಕೂತೋರಲ್ಲಿ ಎಣಿಸ್ತಾರಾ?”

“ಬಂದು ಕೂತೋರಲ್ಲಿ ಮಾತ್ರ. ಸೀಟು ಇದ್ದಷ್ಟೇ ಇರುತ್ತೆ.”

“ಅಂದರೆ ನಮ್ಮ ಕೆಂಪು ಪಟ್ಟಿ ಮೇಲೆ ಹೋಗುತ್ತೆ.”

“ಹೋಗುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಹೋಗುತ್ತೆ.”

ದಾರದಕ್ಕ ಗಂಡನ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದೇ ಗೆರೆಯಪ್ಪನಿಗೆ ಚೆನ್ನಾಗಿ ಕಾಣಿಸಿತು.

ಅವನು ಉಪ್ಪುಕಾಗದ ತೆಗೆದುಕೊಂಡು ಕೆಂಪು ಪಟ್ಟಿಯ ಮುಂದೆ ಕೂತ. ಊರಿನ ಯಾವ ಗೋಡೆಯನ್ನೂ ಅವನು ಈವರೆಗೆ ಕೆರೆದಿರಲಿಲ್ಲ. ಈಗ ತಾನೇ ಬೆಳೆಸಿದ ದೇಶವನ್ನು ತಾನೇ ಹೊಕ್ಕುಳಿನಿಂದ ಮೊಣಕಾಲಿನ ಕಡೆಗೆ ಉಜ್ಜಿ ಇಳಿಸಬೇಕು. ಕೆಂಪು ಧೂಳು ಅಂಗಿಯ ಮೇಲೆ, ಹುಬ್ಬಿನ ಮೇಲೆ, ಮೀಸೆಯ ಮೇಲೆ ಕೂತಿತು. ಸೋತ ಸೇನಾಪತಿಗೂ ಇಷ್ಟು ಬಣ್ಣ ಹತ್ತಿರುವುದಿಲ್ಲ. ಬಿಟ್ಟಿ ಕೊಟ್ಟ ಹದಿನೆಂಟು ಅಂಶ ಹೀಗೆ ಧೂಳಾಗಿ ಹೋಗುವುದು, ಒಬ್ಬಳು ಹೆಂಗಸು ಬೆಳಿಗ್ಗೆ ಏಳಕ್ಕೆ ಚೀಲ ಹಾಕಿಕೊಂಡು ಹೋದರೆ ಕಣ್ಣಿಗೆ ಕಾಣದಷ್ಟು ಏರುವುದು, ಅದು ಧೂಳಾಗದೆ ಉಳಿಯುವುದು: ಈ ಲೆಕ್ಕ ಅವನಿಗೆ ಇಷ್ಟವಾಗಲಿಲ್ಲ. ಎಷ್ಟು ತಿರುಗಿಸಿ ನೋಡಿದರೂ ತಪ್ಪು ಮಾತ್ರ ಸಿಗಲಿಲ್ಲ.

ಮಧ್ಯಾಹ್ನ ನೀಲಿಯ ಸರದಿ ಬಂತು. ಇನ್ನೂ ಹದಿನೆಂಟು ಅಂಶ ಏರಬೇಕು, ಇದ್ದದ್ದು ಒಂದು ಗೇಣು.

“ಜಾಗ ಬಿಡಿ ಅಂದಿದ್ದೆ” ಎಂದರು ಮೇಡಂ ಸಣ್ಣ ದನಿಯಲ್ಲಿ. ಎಲ್ಲ ಪಟ್ಟಿಗಳನ್ನೂ ಕೆರೆದು ಚಿಕ್ಕದಾಗಿ ಬರೆಯಲು ನಾಳೆಯೊಳಗೆ ಆಗುವ ಮಾತಲ್ಲ. ಗೆರೆಯಪ್ಪ ಏಣಿ ಹತ್ತಿ ನಿಂತ. ದಾರದಕ್ಕ ಸ್ಟೂಲಿನ ಮೇಲೆ ನಿಂತು ದಾರದ ಇನ್ನೊಂದು ತುದಿ ಹಿಡಿದಳು.

“ಇನ್ನೊಂಚೂರು ಮೇಲೆ ರೀ.”

“ಮೇಲೆಲ್ಲಿದೆ ಕಣೇ? ಚಾವಣಿ ಬಂತು.”

“ಚಾವಣಿ ಬಂದ್ರೆ ಚಾವಣಿ ಮೇಲೆ ಎಳೀರಿ. ಜಾಗ ಮುಗೀತು ಅಂತ ಅವರು ಓದೋದು ಬಿಟ್ಟರಾ?”

ಗೆರೆಯಪ್ಪ ಮೊದಲು ‘ಇಲ್ಲ’ ಎಂದ. ಆಮೇಲೆ ದಾರವನ್ನು ಗೋಡೆಯ ಮೂಲೆಯಿಂದ ಮಡಿಸಿ ಚಾವಣಿಗೆ ಹಿಡಿದ. ಅವಳು ಕೈಗಳನ್ನು ತಲೆಯ ಮೇಲೆ ಪೂರ್ತಿ ಚಾಚಿ, ಹೆಬ್ಬೆರಳನ್ನು ಚಾವಣಿಗೆ ಒತ್ತಿ, ಹಿಮ್ಮಡಿ ಎತ್ತಿ ನಿಂತಿದ್ದಳು. ಇಷ್ಟು ವರ್ಷ ಅವನು ನೋಡುತ್ತಿದ್ದದ್ದು ದಾರವನ್ನು, ಅದರ ಇನ್ನೊಂದು ತುದಿಯಲ್ಲಿ ಒಬ್ಬಳು ಹೀಗೆ ನಿಂತಿರುತ್ತಾಳೆ ಎಂಬುದು ಕಣ್ಣಿಗೆ ಬಿದ್ದದ್ದು ಕಡಿಮೆ. ದಾರ ಒಂದು ಕೂದಲಿನಷ್ಟೂ ಅಲುಗುತ್ತಿರಲಿಲ್ಲ.

ಟಪ್ಪನೆ ದಾರ ಬಿಟ್ಟ. ಗೆರೆ ಬಿತ್ತು.

“ಬೆಳಿಗ್ಗೆ ಎಷ್ಟು ಗಂಟೆಗೆ ಅಂದೆ?” ಎಂದು ಕೇಳಿದ.

“ಏನು?”

“ಅದೇ, ನಿನ್ನ ಕಾಲೇಜು.”

“ಏಳಕ್ಕೆ” ಎಂದಳು ದಾರದಕ್ಕ, ಕೈ ಇಳಿಸದೆ. “ದಾರ?”

“ಮೊಳೆ ಹೊಡ್ಕೋತೀನಿ. ಊರಲ್ಲಿ ಮೊಳೆಗೇನು ಬರವಾ? ಅದು ಎದುರು ಮಾತೂ ಆಡಲ್ಲ.”

ಶನಿವಾರ ಅತಿಥಿಗಳು ಬಂದರು. ಗೋಡೆಯುದ್ದಕ್ಕೂ ಗಂಭೀರವಾಗಿ ನಡೆದು ಬಂದವರು ನೀಲಿ ದೇಶದ ಮುಂದೆ ಬಂದಾಗ ಒಬ್ಬೊಬ್ಬರಾಗಿ ಕತ್ತೆತ್ತಿದರು. ನೀಲಿ ಪಟ್ಟಿ ಗೋಡೆ ಮುಗಿಸಿ, ಮೂಲೆ ತಿರುಗಿ, ಚಾವಣಿಯ ಮೇಲೆ ಮೊಳದುದ್ದ ಹರಿದು ಅವರ ನೆತ್ತಿಯ ಮೇಲೆ ನಿಂತಿತ್ತು. ಲೆಕ್ಕ ಹಾಕಿದವರಲ್ಲಿ ಹಿರಿಯರೊಬ್ಬರು, ಇಷ್ಟು ವರ್ಷ ಈ ಅಂಕಿಯನ್ನು ಸಭೆಗಳಲ್ಲಿ ಹೇಳುತ್ತಿದ್ದೇನೆ, ಯಾರೂ ತಲೆ ಎತ್ತಿರಲಿಲ್ಲ ಎಂದರಂತೆ. ಪ್ರಿನ್ಸಿಪಾಲರು ಇದು ತಮ್ಮದೇ ಯೋಜನೆ ಎಂಬಂತೆ ಕೈ ಕಟ್ಟಿಕೊಂಡರು. ಹೆಸರುಗಳನ್ನೂ ಬರೆದಾಗಿತ್ತು. ನೀಲಿ ದೇಶಕ್ಕೆ ಈಗ ನಿಜವಾದ ಹೆಸರಿತ್ತು, ಗೆರೆಯಪ್ಪನಿಗೆ ಅದೇ ಸ್ವಲ್ಪ ಬೇಜಾರು. ಅದನ್ನೆಲ್ಲ ನೋಡಲು ದಾರದಕ್ಕ ಅಲ್ಲಿರಲಿಲ್ಲ. ಕಚೇರಿಯ ಕಿಟಕಿಯ ಮುಂದೆ ನರ್ಸಿನ ತಂಗಿಯ ಹಿಂದೆ ಸಾಲಿನಲ್ಲಿ ನಿಂತಿದ್ದಳು.

ಸೋಮವಾರ ಪಡಸಾಲೆಯಲ್ಲಿ ಚಿತ್ರದ ಅಡಿಗೆ ಒಂದು ಸಾಲು ಬರೆಯುವುದು ಉಳಿದಿತ್ತು. ಗೆರೆಯಪ್ಪ ಮೊಳೆ ಹೊಡೆದು ದಾರ ಕಟ್ಟಿದ. “ಮೇಲಾ, ಕೆಳಗಾ?” ಎಂದು ಅಭ್ಯಾಸಬಲದಿಂದ ಕೇಳಿದ. ಮೊಳೆ ಸುಮ್ಮನಿತ್ತು. ಗೆರೆ ಎಡಕ್ಕೆ ಒಂದು ಕೂದಲು ಇಳಿಯಿತು, ಒರೆಸಿದ. ಮತ್ತೆ ಹೊಡೆದ, ಬಲಕ್ಕೆ ಇಳಿಯಿತು. ಮೂರನೆಯ ಸಲಕ್ಕೆ ಒಪ್ಪುವಂತೆ ಬಂತು. ಎದುರು ಮಾತಾಡದವರ ಜೊತೆ ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ತರಗತಿಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಪರಿಚಯದ ದನಿಯೊಂದು “ಅದು ಹೇಗೆ ಮೇಡಂ?” ಎಂದು ಕೇಳುವುದು ಎರಡು ಸಲ ಕೇಳಿಸಿತು.

ಗೆರೆಯಪ್ಪ ಆಚೀಚೆ ನೋಡಿದ. ಚೀಲದಲ್ಲಿದ್ದ ಅತಿ ಸಣ್ಣ ಕುಂಚ ತೆಗೆದು ಕೆಂಪಿಗೆ ಅದ್ದಿ, ನಮ್ಮ ದೇಶದ ನೆತ್ತಿಯ ಮೇಲೆ ಉಸಿರು ಬಿಗಿಹಿಡಿದು ಒಂದೇ ಒಂದು ಎಳೆ ಎಳೆದ.

“ಗೆರೆಯಪ್ಪನವರೇ.” ಹತ್ತರ ಗಂಟೆ ಹೊಡೆದದ್ದು ಅವನಿಗೆ ಕೇಳಿಸಿರಲಿಲ್ಲ, ಮೇಡಂ ಹಿಂದೆಯೇ ನಿಂತಿದ್ದರು. “ಏನದು?”

“ಶನಿವಾರ ಸೇರಿದಳಲ್ಲ ಮೇಡಂ. ಅವಳದು.”

ಮೇಡಂ ಬಗ್ಗಿ ನೋಡಿದರು. “ಒಬ್ಬರಿಗೆ ಇಷ್ಟು ದಪ್ಪ ಬರಲ್ಲ. ಇದು ಸಾವಿರಾರು ಜನರ ಎತ್ತರ.”

“ನೀವಿನ್ನೂ ಅವಳ ಜೊತೆ ವಾದ ಮಾಡಿಲ್ಲ ಮೇಡಂ.”

“ಮೂರು ಗಂಟೆ ಅದೇ ಮಾಡಿ ಬಂದೆ” ಎಂದು ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಎಷ್ಟು ಜನ ಮುಗಿಸ್ತಾರೆ ಅನ್ನೋ ಲೆಕ್ಕ ಬೇಕಂತೆ ಅವರಿಗೆ. ಈ ವಾರವೇ ಬೇಕಂತೆ. ಇರಲಿ ಬಿಡಿ, ಆ ಎಳೆ ಇರಲಿ.”

ಮೇಡಂ ಹೋದ ಮೇಲೆ ಗೆರೆಯಪ್ಪ ಪಡಸಾಲೆಯ ಎದುರು ಗೋಡೆಯನ್ನು ನೋಡಿದ. ಉದ್ದಕ್ಕೆ, ಬೆಳ್ಳಗೆ, ಖಾಲಿ ಇತ್ತು. ಈ ಸಲ ಮೇಲೆ ಎರಡು ಮೊಳ ಜಾಗ ಬಿಡಬೇಕು ಎಂದುಕೊಂಡು, ಮೊಳೆ ಎಲ್ಲಿಗೆ ಬರಬಹುದೆಂದು ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿ ನೋಡತೊಡಗಿದ.

“ಅಲ್ಲಲ್ಲ ರೀ” ಎಂದಿತು ಹಿಂದಿನಿಂದ ಒಂದು ದನಿ. “ಇನ್ನೊಂಚೂರು ಮೇಲೆ.”